ಮೊಸಳೆಯ ಜೋಡಿ ಗುಡಿ ಬರೆದವಳು

ಹೋದ ವರ್ಷ ಚನ್ನರಾಯಪಟ್ಟಣದಿಂದ ಬಂದ ಫೋನಿನಲ್ಲಿ ಆ ದನಿ ಕೇಳುತ್ತಲೇ ನನ್ನ ಹಲ್ಲು ಬಿಗಿಯಿತು. ಹೊಳೆನರಸೀಪುರದ ಕಾಲೇಜಿನಲ್ಲಿ ನನ್ನ ಜೊತೆ ಗಣಿತ ಹೇಳಿಕೊಡುತ್ತಿದ್ದ ಮನುಷ್ಯ. ನಿವೃತ್ತಿಯಾದ ಮೇಲೆ ನಾವು ಮಾತಾಡಿರಲಿಲ್ಲ.

“ಮೇಡಂ, ಹಾಸನದಲ್ಲಿ ನಂಗೆ ಸನ್ಮಾನ ಇಟ್ಕೊಂಡವ್ರೆ. ಆ ಮೊಸಳೆ ಗುಡಿ ಪ್ರೋಗ್ರಾಂ ತೋರ್ಸಿ ಅಂತಾವ್ರೆ. ಈಗಿನ್ ಕಂಪ್ಯೂಟರ್‌ನಲ್ಲಿ ಅದು ಓಡ್ತಾನೇ ಇಲ್ಲ. ನಿಮ್ಗೇ ಗೊತ್ತಾಗೋದು.”

ಗೊತ್ತಾಗದೆ ಏನು? ಬರೆದವಳೇ ನಾನು. ಕಾಲೇಜಿಗೆ ಮೊದಲ ಕಂಪ್ಯೂಟರ್ ಬಂದಾಗ, ಮಕ್ಕಳ ತಲೆಗೆ ರೇಖಾಗಣಿತ ಹತ್ತಲೆಂದು, ಹಾಸನದ ಹತ್ತಿರದ ಮೊಸಳೆ ಎಂಬ ಊರಿನ, ಒಂದೇ ಅಚ್ಚಿನಂತಿರುವ ಎರಡು ಗುಡಿಗಳನ್ನು ಬೇಸಿಕ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬಿಡಿಸಿದ್ದೆ. ಒಂದು ಗುಡಿಗೆ ಬಿಂದುಗಳನ್ನು ಕೊಟ್ಟು, ಅವನ್ನೇ ಬಲಕ್ಕೆ ಸರಿಸಿದರೆ ಇನ್ನೊಂದು ಎದ್ದು ನಿಲ್ಲುತ್ತಿತ್ತು. ನಾನು ಹೆರಿಗೆ ರಜೆ ಮುಗಿಸಿ ಬರುವಷ್ಟರಲ್ಲಿ ಮೊದಲ ಪರದೆಯ ಮೇಲೆ ಆತನ ಹೆಸರಿತ್ತು. ಒಳಗಿನ ಸಾಲುಗಳು ಯಾರಿಗೂ ಕಾಣದಂತೆ ಫೈಲಿಗೆ ಬೀಗವನ್ನೂ ಹಾಕಿದ್ದ. ಪ್ರಾಂಶುಪಾಲರಿಗೆ ದೂರು ಕೊಟ್ಟೆ. “ಮೊದ್ಲು ಕೂಸು ನೋಡ್ಕೊಳಮ್ಮ” ಎಂದು ನಕ್ಕುಬಿಟ್ಟರು.

“ಫೈಲ್ ಕಳಿಸಿ” ಎಂದೆ.

ಅರಕಲಗೂಡಿನ ನಮ್ಮ ಮನೆಯಲ್ಲಿ ನನ್ನ ಲ್ಯಾಪ್‌ಟಾಪಿನಲ್ಲಿರುವುದು ಲಿನಕ್ಸ್. ಆತ ಕಳಿಸಿದ ಫೈಲನ್ನು ಅದರಲ್ಲಿ ಹಾಗೇ ತೆರೆದರೆ ಬರೀ ಚಿತ್ರವಿಚಿತ್ರ ಗುರುತುಗಳು. ಹಳೆಯ ಬೇಸಿಕ್‌ನಂತೆಯೇ ನಡೆದುಕೊಳ್ಳುವ ಒಂದು ತಂತ್ರಾಂಶವನ್ನು ಹುಡುಕಿ ಹಾಕಿಕೊಂಡೆ. ಅದು ಬೀಗವನ್ನು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ. ಲಿಸ್ಟ್ ಎಂದು ಟೈಪ್ ಮಾಡಿದೊಡನೆ ನನ್ನ ಸಾಲುಗಳೆಲ್ಲ ಇಳಿದು ಬಂದವು. ಹೆಸರೊಂದನ್ನು ಬಿಟ್ಟು ಆತ ಏನನ್ನೂ ಮುಟ್ಟಿರಲಿಲ್ಲ. ಕಲಶದಲ್ಲಿ ನಾನು ತಪ್ಪಾಗಿ ಎಳೆದಿದ್ದ ಸೊಟ್ಟ ಗೆರೆಯೂ ಹಾಗೇ ಇತ್ತು. ಕದ್ದದ್ದನ್ನು ಓದಿಯೂ ನೋಡಿರಲಿಲ್ಲ. ಕದ್ದದ್ದಕ್ಕಿಂತ ಅದೇ ನನ್ನನ್ನು ಹೆಚ್ಚು ಉರಿಸಿತು.

ಹೆಸರು ಬದಲಿಸಿ, ಆತನಿಗೆ ಫೋನ್ ಮಾಡಿದೆ.

“ಓಡ್ತಾ ಇದೆ. ನನ್ನ ಹೆಸ್ರು ಹಾಕಿದ್ದೀನಿ.”

“ಅಯ್ಯೋ, ಯಾವ್ ಕಾಲದ್ ಮಾತು ಮೇಡಂ. ಇಬ್ರುದೂ ಹಾಕ್ಬುಡಿ.”

“ನೀವು ಎಳೆದಿರೋ ಗೆರೆ ಒಂದು ತೋರ್ಸಿ, ಹಾಕ್ತೀನಿ.”

ಫೋನ್ ಇಟ್ಟುಬಿಟ್ಟ.

ಸನ್ಮಾನಕ್ಕೆ ನನ್ನನ್ನು ಯಾರೂ ಕರೆದಿರಲಿಲ್ಲ. ಆದರೂ ಲ್ಯಾಪ್‌ಟಾಪ್ ಹಿಡಿದು ಹಾಸನಕ್ಕೆ ಹೋದೆ. ನಿರೂಪಕಿ ಮೈಕಿನಲ್ಲಿ, ಪ್ರೋಗ್ರಾಂ ತುಂಬ ಹಳೆಯದು, ಈಗ ಓಡುವುದಿಲ್ಲವಂತೆ ಎಂದು ಬೇಸರಪಟ್ಟಳು.

“ಓಡುತ್ತೆ” ಎನ್ನುತ್ತ ಎದ್ದೆ. ಯಾರಾದರೂ ತಡೆಯುವ ಮೊದಲೇ ವೇದಿಕೆ ಹತ್ತಿ ಪ್ರೊಜೆಕ್ಟರಿನ ತಂತಿ ಸಿಕ್ಕಿಸಿದೆ. ನನ್ನ ಹೆಸರು ಬಂತು. ಆಮೇಲೆ ಗುಡಿಗಳು, ಮೊದಲು ಒಂದು, ಪಕ್ಕಕ್ಕೆ ಇನ್ನೊಂದು. ಮೈಕ್ ತೆಗೆದುಕೊಂಡು, ಇದನ್ನು ಬರೆದವಳು ನಾನು, ಇವರು ತಮ್ಮ ಹೆಸರು ಹಾಕಿಕೊಂಡರು ಎಂದಷ್ಟೇ ಹೇಳಿದೆ. ಗೊಂದಲದಲ್ಲಿ ಕೆಲವರು ಚಪ್ಪಾಳೆಯನ್ನೂ ತಟ್ಟಿದರು. ಆತ ಹೆಗಲ ಮೇಲಿನ ಶಾಲು ಸರಿಮಾಡಿಕೊಳ್ಳುತ್ತ ಕೂತಿದ್ದ.

ಬಾಗಿಲ ಹತ್ತಿರ ಹಿಂದೆಯೇ ಬಂದ. “ಇಷ್ಟ್ ಜನದ್ ಮುಂದೆ ಮಾನ ಕಳೆದ್ರಲ್ಲ ಮೇಡಂ. ಒಂದ್ ಮಾತು ನಂಗೇ ಹೇಳ್ಬೋದಿತ್ತು.”

“ಹೇಳಿದ್ನಲ್ಲ” ಎಂದೆ.

ಮನಸ್ಸು ಹಗುರಾಗುತ್ತದೆ ಎಂದುಕೊಂಡಿದ್ದೆ. ಬಸ್ಸು ಅರಕಲಗೂಡು ಮುಟ್ಟುವವರೆಗೂ ಮೈ ಉರಿಯುತ್ತಲೇ ಇತ್ತು.