ಎಡಗೈ ಅಕ್ಷತೆ

ಸೀರೆಯ ವಿಷಯದಲ್ಲಿ ನಾನು ಯಾರ ಮಾತನ್ನೂ ಕೇಳುವವಳಲ್ಲ. ಚನ್ನಗಿರಿಯಲ್ಲಿ ಇಪ್ಪತ್ತು ವರ್ಷದಿಂದ ಬ್ಲೌಸ್ ಹೊಲಿಯುತ್ತಿದ್ದೇನೆ. ಬಾಗಿಲಲ್ಲಿ ನಿಂತವರ ಅಳತೆಯನ್ನು ಟೇಪು ಹಿಡಿಯುವ ಮೊದಲೇ ಹೇಳಬಲ್ಲೆ. ಹಾಗಾಗಿ ಆ ಶೋ ನೋಡುವಾಗಲೂ ಕೊನೆಯ ತೀರ್ಪು ನನ್ನದೇ.

ಗಂಡಸರು ಹೆಣ್ಣಿನ ವೇಷ ತೊಟ್ಟು ಪೈಪೋಟಿಗಿಳಿಯುವ ವಿದೇಶದ ಡ್ರ್ಯಾಗ್ ಶೋ ಅದು. ಅದರ ಹುಚ್ಚು ಹಿಡಿಸಿದವಳು ನನ್ನ ಅಣ್ಣನ ಮಗಳು, ಹೊನ್ನಾಳಿಯ ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ. ಪಕ್ಕದ ಬ್ಯೂಟಿ ಪಾರ್ಲರ್ ನಡೆಸುವ ಗೆಳತಿಯೂ ಜೊತೆಗೆ ಸೇರಿಕೊಂಡಳು. ಭಾನುವಾರ ಮಧ್ಯಾಹ್ನ ಮೂವರೂ ನನ್ನ ಅಂಗಡಿಯಲ್ಲಿ ಒಂದೇ ಮೊಬೈಲಿನ ಮುಂದೆ ಕೂರುತ್ತಿದ್ದೆವು.

ಆ ವಾರದ್ದು ಮದುವೆಯ ಸಂಚಿಕೆ. ಪೂರ್ತಿ ಸಿಕ್ಕಿರಲಿಲ್ಲ, ಯಾರೋ ಹಂಚಿದ್ದ ತುಣುಕು ನೋಡುತ್ತಿದ್ದೆವು. ಎಲ್ಲರೂ ಬಿಳಿ ಗೌನಿನಲ್ಲಿ ಬಂದರೆ, ಒಬ್ಬಳು ಮಾತ್ರ ಕೆಂಪು ಸೀರೆಯುಟ್ಟು, ಬಾಸಿಂಗ ಕಟ್ಟಿಕೊಂಡು ಬಂದಳು. ವೇಷದಲ್ಲಿರುವಾಗ ಅವಳು ಅಂತಲೇ ಅನ್ನಬೇಕು ಎಂದು ಅಣ್ಣನ ಮಗಳ ತಾಕೀತು. ಉಳಿದ ಸ್ಪರ್ಧಿಗಳ ಕೈಗೆ ಅಕ್ಷತೆ ಕೊಟ್ಟು ತನ್ನ ತಲೆಯ ಮೇಲೆ ಹಾಕಿಸಿಕೊಂಡಳು.

"ಸೆರಗು ಬಲಗಡೆ ಐತೆ. ಔಟು," ಅಂದೆ.

"ಮೇಕಪ್ ನೋಡ್ರೀ. ನಾನು ರೆಡಿ ಮಾಡೋ ಮದುಮಕ್ಕಳಿಗೂ ಇಂಥ ಕಳೆ ಬರಲ್ಲ," ಅಂದಳು ಪಾರ್ಲರ್ ಗೆಳತಿ.

"ಸೀರೆ ಉಡಾಕೆ ಬರದಿದ್ರೆ ಕಳೆ ತಗೊಂಡು ಏನ್ ಮಾಡಾಕೆ?"

"ನೆರಿಗೆ ನೋಡ್ರಿ ಅತ್ತೆ. ಅದಕ್ಕಾದ್ರೂ ಮಾರ್ಕ್ಸ್ ಕೊಡ್ರಿ," ಅಂದಳು ಅಣ್ಣನ ಮಗಳು.

ನಾನು ಕೊಡಲಿಲ್ಲ.

ಅಣ್ಣ ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತಿದ್ದ. ಮುಂದಿನ ವಾರ ಈ ಮಗಳದೇ ಮದುವೆ. ಬ್ಲೌಸ್ ಒಯ್ಯಲು ಬಂದಿದ್ದ. ಧಾರೆಯ ಸೀರೆಯನ್ನು ಅಪ್ಪನೇ ಉಡಿಸಬೇಕೆಂದು ಅವಳು ತಿಂಗಳಿಂದ ಹಟ ಹಿಡಿದಿದ್ದಳು. ಇವನು ಜಪ್ಪಯ್ಯ ಅಂದರೂ ಒಪ್ಪಿರಲಿಲ್ಲ.

ಅವಳು ಸುಮ್ಮನೆ ಕೇಳಿದ್ದಲ್ಲ. ಹರೆಯದಲ್ಲಿ ಅಣ್ಣ ಸಂತೇಬೆನ್ನೂರಿನ ನಾಟಕಗಳಲ್ಲಿ ಸ್ತ್ರೀ ಪಾತ್ರ ಮಾಡುತ್ತಿದ್ದ. ಅವನ ನೆರಿಗೆ ನೋಡಿ ಹೆಂಗಸರೇ ಕಲಿಯುತ್ತಿದ್ದರು. ಒಮ್ಮೆ ಮದುಮಗಳಾಗಿ ರಂಗಕ್ಕೆ ಬಂದಾಗ, ನನ್ನ ಪಕ್ಕದಲ್ಲಿದ್ದ ಶಾಲೆಯ ಗೆಳತಿ, "ಅದು ನಿಮ್ಮಣ್ಣ ಅಲ್ಲೇನೇ?" ಎಂದು ಕೇಳಿದಳು. "ಅಲ್ಲ, ಯಾರೋ," ಎಂದು ನಾನು ಎಲ್ಲರಿಗೂ ಕೇಳುವಂತೆ ಜೋರಾಗಿ ನಕ್ಕೆ. ನಾವು ಕೂತದ್ದು ಮೊದಲ ಸಾಲಿನಲ್ಲಿ. ಅವನಿಗೆ ಕೇಳಿಸಿತು. ಆಮೇಲೆ ಅವನು ಬಣ್ಣ ಹಚ್ಚಲಿಲ್ಲ. ಯಾಕೆಂದು ಮನೆಯಲ್ಲಿ ಯಾರಿಗೂ ತಿಳಿಯಲಿಲ್ಲ, ನನ್ನೊಬ್ಬಳ ಹೊರತು.

ಅಣ್ಣ ಎದ್ದು ಬಂದು ಮೊಬೈಲ್ ತೆಗೆದುಕೊಂಡ. ತುಣುಕನ್ನು ಎರಡು ಸಲ ಹಾಕಿಸಿ ನೋಡಿದ.

"ಅಕ್ಷತೆ ಯಾವ ಕೈಲಿ ಹಾಕ್ತಾ ಅದಾರೆ, ನೋಡು," ಅಂದ.

"ಎಡಗೈಲಿ," ಅಂದೆ.

"ಒಬ್ರಾದ್ರೆ ಎಡಚರು ಅನ್ನಬಹುದು. ಎಲ್ರೂ ಎಡಚರಾಗಾಕೆ ಹೆಂಗೆ ಸಾಧ್ಯ? ಕನ್ನಡಿಯಾಗೆ ಕಂಡಂಗೆ ಚಿತ್ರ ತಿರುಗೈತೆ. ಸೆರಗು ಸರಿಯಾಗೇ ಐತೆ. ಆಯಮ್ಮಂದೇನೂ ತಪ್ಪಿಲ್ಲ."

ಅಣ್ಣನ ಮಗಳು ತುಣುಕನ್ನು ನಿಲ್ಲಿಸಿ ಹಿಗ್ಗಿಸಿದಳು. ಹಿಂದಿನ ಗೋಡೆಯ ಮೇಲಿನ ಅಕ್ಷರಗಳೆಲ್ಲ ಉಲ್ಟಾ ಇದ್ದವು. ಕದ್ದು ಹಂಚುವವರು ಸಿಕ್ಕಿಬೀಳದಿರಲು ಹೀಗೆ ತಿರುಗಿಸುತ್ತಾರಂತೆ. ಪಾರ್ಲರ್ ಗೆಳತಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಸೀರೆಯ ವಿಷಯದಲ್ಲಿ ನಾನು ಸೋತದ್ದು ಅದೇ ಮೊದಲು. ಸೋತದ್ದು ಅಣ್ಣನಿಗೆ ಎಂಬುದು ಮಾತ್ರ ನನಗೆ ಹಿತವಾಗಿಯೇ ಇತ್ತು.

"ಅಣ್ಣಾ, ನನಗಿಂತ ನಿನ್ನ ಕಣ್ಣೇ ವಾಸಿ. ಇವಳಿಗೆ ನೀನೇ ಉಡಿಸು," ಅಂದೆ.

"ಜನ ನಗ್ತಾರೆ."

"ಅವತ್ತು ನಕ್ಕಿದ್ದು ಜನ ಅಲ್ಲಣ್ಣ. ನಾನು."

ಅವನು ಬ್ಲೌಸಿನ ಕವರ್ ಎತ್ತಿಕೊಂಡು, ಮಗಳ ಕಡೆ ತಿರುಗಿ, "ಪಿನ್ನು ಜಾಸ್ತಿ ತಗೊಂಡಿರು," ಅಂದ.

ಮದುವೆಯ ದಿನ ಮೊದಲ ಸುತ್ತು ನಾವು ಹೆಂಗಸರು ಸುತ್ತಿದೆವು. ಆಮೇಲೆ ಅಣ್ಣ ಒಳಗೆ ಬಂದು, ಪಿನ್ನುಗಳನ್ನು ತುಟಿಯಲ್ಲಿ ಕಚ್ಚಿಕೊಂಡು, ಮಗಳ ಮುಂದೆ ಮಂಡಿಯೂರಿ ನೆರಿಗೆ ಹಿಡಿದ. ಅವನ ಬೆರಳುಗಳು ಒಂದೇ ಒಂದು ನೆರಿಗೆಯನ್ನೂ ಎರಡನೇ ಸಲ ಮುಟ್ಟಲಿಲ್ಲ. ಎಷ್ಟು ವರ್ಷ ಇವನನ್ನು ಸುಮ್ಮನೆ ಕೂರಿಸಿಬಿಟ್ಟೆ ಅಂದುಕೊಂಡೆ.

ಊಟದ ಹೊತ್ತಿಗೆ ನ್ಯಾಮತಿಯ ಬೀಗಿತ್ತಿ ನನ್ನನ್ನು ಕರೆದು, "ಸೀರೆ ಭಾಳ ಚಂದ ಉಡಿಸ್ಯಾರೆ. ಯಾವ ಪಾರ್ಲರ್‌ನೋರು ರೀ?" ಎಂದು ಕೇಳಿದರು. ಪಂಕ್ತಿಯಲ್ಲಿ ಹೋಳಿಗೆ ಬಡಿಸುತ್ತಿದ್ದ ಅಣ್ಣ ನನ್ನತ್ತ ನೋಡಿ, ಹಾಗೇ ನಿಂತ.

"ಪಾರ್ಲರ್‌ನೋರಲ್ಲ ರೀ, ನಮ್ಮಣ್ಣ," ಅಂದೆ. ನಾಟಕದ ದಿನ ನಕ್ಕಿದ್ದಕ್ಕಿಂತ ಜೋರಾಗಿ ಅಂದೆ.