ದಣಪೆಯ ಹತ್ತಿರ ತಿರುಗಿ ನಿಂತ ಅಪ್ಪಯ್ಯ

ಆಗ ನಮ್ಮ ಕೇರಿಯ ಮಕ್ಕಳಿಗೆ ಅಪ್ಪಯ್ಯ ಅಂದರೆ ಮಳೆಗಾಲದಲ್ಲಿ ಮಾತ್ರ ಸಿಗುವ ಮನುಷ್ಯ. ಗಂಗೊಳ್ಳಿಯಿಂದ ಬೈಂದೂರಿನ ಕಡೆಗೆ ಕಡಲ ಬದಿಯಲ್ಲೇ ಇರುವ ಸಣ್ಣ ಊರುಗಳಲ್ಲಿ ನಮ್ಮದೂ ಒಂದು. ಆಳಸಮುದ್ರದ ಬೋಟಿಗೆ ಹೋಗುವ ಗಂಡಸರು ಉಳಿದ ಕಾಲವೆಲ್ಲ ನೀರಿನ ಮೇಲೇ ಇರುತ್ತಿದ್ದರು. ನಡುವೆ ಬಂದರೂ ಮಿಂದು, ಉಂಡು, ಗೊರಕೆ ಹೊಡೆದು ಮತ್ತೆ ಹೊರಡುತ್ತಿದ್ದರು. ಜೂನ್ ಬಂದು ಕಡಲು ಬೊಬ್ಬೆ ಹೊಡೆಯಲು ಸುರುಮಾಡಿತೋ, ಬೋಟುಗಳು ದಡ ಸೇರುತ್ತಿದ್ದವು, ಮನೆಮನೆಯ ಜಗಲಿಯಲ್ಲಿ ಒಬ್ಬೊಬ್ಬ ಅಪ್ಪಯ್ಯ ಕಾಣಿಸಿಕೊಳ್ಳುತ್ತಿದ್ದರು.

ನೆಂಟರಿಗಿಂತ ಕಷ್ಟದ ನೆಂಟರು ಅವರು. ಉಪ್ಪಿನ ಮರಿಗೆ ಎಲ್ಲಿದೆ ಗೊತ್ತಿಲ್ಲ, ಯಾವ ಮಗುವಿಗೆ ಯಾವ ಪದಾರ್ಥ ಸೇರುವುದಿಲ್ಲ ಗೊತ್ತಿಲ್ಲ. ನಾನು ಎಷ್ಟನೇ ಕ್ಲಾಸು ಅನ್ನುವುದು ನಮ್ಮ ಅಪ್ಪಯ್ಯನಿಗೆ ಪ್ರತಿ ಮಳೆಗಾಲದಲ್ಲೂ ಹೊಸ ಸುದ್ದಿ. "ನಾಲ್ಕನಾ? ಅಷ್ಟ್ ಬೇಗ ಎಂತಕೆ?" ಎಂದು ನನ್ನದೇ ಏನೋ ತಪ್ಪಿದ್ದ ಹಾಗೆ ಕೇಳುತ್ತಿದ್ದರು. ಆದರೂ ಅವರು ಮನೆಯಲ್ಲಿದ್ದಾರೆ ಅಂದರೆ ನಮಗೆ ಹಬ್ಬ. ಹೊರಗೆ ಮಳೆ ಜಡಿಯುತ್ತಿರುವಾಗ ಅಜ್ಜಿ ಕೆಂಡದ ಮೇಲೆ ಒಣಮೀನು ಸುಡುತ್ತಿದ್ದಳು. ಆ ಪರಿಮಳ, ಬಿಸಿ ಗಂಜಿಯ ಹಬೆ, ಜಗಲಿಯಲ್ಲಿ ರಾಶಿ ಬಿದ್ದ ಬಲೆಯ ಉಪ್ಪು ವಾಸನೆ ಎಲ್ಲ ಒಂದರೊಳಗೊಂದು ಸೇರಿ ಮನೆ ತುಂಬಿಕೊಳ್ಳುತ್ತಿತ್ತು. ಅಪ್ಪಯ್ಯ ಬೋಟಿನ ತಾಂಡೇಲ. ಅಂದರೆ ಚುಕ್ಕಾಣಿ ಹಿಡಿಯುವವರು, ಎಂಟು ಹತ್ತು ಜನರ ಜೀವ ಅವರ ಕೈಯಲ್ಲಿ. ಅಂಥ ಕೈ ಬಲೆಯ ಸೂಜಿ ಹಿಡಿದು ಕೂತಿದ್ದರೆ ಅವರ ಮಡಿಲಲ್ಲಿ ನನ್ನ ತಮ್ಮ ಮಂಜ ಕೂತು ನೂಲಿನ ಉಂಡೆ ಹಿಡಿದುಕೊಳ್ಳುತ್ತಿದ್ದ. ಅವನಿನ್ನೂ ಶಾಲೆಗೆ ಸೇರಿರಲಿಲ್ಲ.

ನಮ್ಮದೊಂದು ಆಟವಿತ್ತು. ಹೆಸರೇನೂ ಇರಲಿಲ್ಲ. ಒಬ್ಬರು ಚೀಲ ಹೆಗಲಿಗೆ ಹಾಕಿಕೊಂಡು ಕಡಲಿಗೆ ಹೊರಡಬೇಕು, ಉಳಿದವರು ಹಿಂದಿನಿಂದ ಅವರನ್ನು ತಿರುಗಿಸಬೇಕು. ಹೆಸರು ಹಿಡಿದು ಮಾತ್ರ ಕರೆಯುವ ಹಾಗಿಲ್ಲ. ಕೂಗಬಹುದು, ಅಳಬಹುದು, ಪಾತ್ರೆ ಬಡಿಯಬಹುದು. ತಿರುಗಿದನೋ, ಬೋಟು ಮುಳುಗಿತು. ಮಂಜ ಈ ಆಟದಲ್ಲಿ ಒಮ್ಮೆಯೂ ಸೋತವನಲ್ಲ. ನಾನು ಕಾಲು ಮುರಿದ ಹಾಗೆ ಬಿದ್ದು ಹೊರಳಾಡಿದರೂ ಪುಟ್ಟ ಬೆನ್ನು ಸೆಟೆಸಿಕೊಂಡು ಅಂಗಳದ ಕೊನೆಯ ದಣಪೆಯವರೆಗೆ ನಡೆಯುತ್ತಿದ್ದ. ಬೇಲಿಯ ನಡುವೆ ಬಿದಿರಿನ ಗಳ ಸಿಕ್ಕಿಸಿದ ದಣಪೆ ಅದು, ನಮ್ಮ ಮನೆಗಿದ್ದ ಗೇಟು ಅಷ್ಟೇ.

ಅಪ್ಪಯ್ಯ ಜಗಲಿಯಿಂದ ನೋಡಿ ನಗುತ್ತಿದ್ದರು. "ಭಲೇ ಮಗಾ! ಹಿಂದ್ ಕಾಂಬುಕಾಗ. ಕಡ್ಲಿಗ್ ಹೊರಟವನ್ ಕಣ್ಣ್ ಮುಂದೇ ಇರ್ಕ್."

ಅದು ಬರೀ ಆಟವಾಗಿರಲಿಲ್ಲ, ಕೇರಿಯ ಕಟ್ಟಳೆಯೇ ಆಗಿತ್ತು. ಕಡಲಿಗೆ ಹೊರಟವರನ್ನು ಎಲ್ಲಿಗೆ ಎಂದು ಕೇಳಬಾರದು, ಯಾವಾಗ ಬರುವುದು ಎಂದು ಕೇಳಬಾರದು, ಹಿಂದಿನಿಂದ ಕರೆಯಬಾರದು. ಹೊರಟವರು ತಿರುಗಬಾರದು. ಅದರಲ್ಲೂ ಮಳೆಗಾಲ ಮುಗಿದು ಮೊದಲ ಸಲ ಕಡಲಿಗೆ ಇಳಿಯುವ ದಿನವಂತೂ ಮನೆಯಲ್ಲಿ ಕೆಮ್ಮುವುದಕ್ಕೂ ಹೆದರಿಕೆ.

ಆ ವರ್ಷ ಆ ದಿನ ಬಂದಾಗ ಮಂಜನಿಗೆ ಜ್ವರ. ಹಿಂದಿನ ದಿನವೇ ಸುರುವಾಗಿತ್ತು. ಅಮ್ಮ ಕಷಾಯ ಕುಡಿಸಿದ್ದಳು, ಹಣೆಗೆ ಒದ್ದೆ ಬಟ್ಟೆ ಹಾಕಿದ್ದಳು. ಅಜ್ಜಿ ದೃಷ್ಟಿ ತೆಗೆದು ಒಲೆಗೆ ಮೆಣಸು ಹಾಕಿದ್ದಳು. ಮಳೆಗಾಲದ ಜ್ವರ ಯಾವ ಮಗುವಿಗೆ ಬರುವುದಿಲ್ಲ? ಅಪ್ಪಯ್ಯ ಮಧ್ಯಾಹ್ನ ಉಂಡು, ಚೀಲ ಕಟ್ಟಿ, ಕೋಣೆಯ ಬಾಗಿಲಲ್ಲಿ ನಿಂತು ಇಣುಕಿದರು.

"ಜ್ವರ ಬಿಡ್ತಾ?"

ಅಮ್ಮ ಬಾಯಿ ತೆರೆಯುವ ಮೊದಲೇ ಅಜ್ಜಿ ಅಂದಳು, "ಬಿಡ್ತ್, ಬಿಡ್ತ್. ನೀನ್ ಹೊರಡ್. ಜೀಪ್ ಕಾಯ್ತಾ ಇತ್ತ್."

ಬಿಟ್ಟಿರಲಿಲ್ಲ. ಹೊರಟವನ ಮನಸ್ಸು ಕೆಡಿಸಬಾರದು ಎನ್ನುವುದೂ ಕಟ್ಟಳೆಯೇ. ಅಪ್ಪಯ್ಯ ಅಂಗಳಕ್ಕೆ ಇಳಿದರು. ರಸ್ತೆಯ ತಿರುವಿನಲ್ಲಿ ಬೋಟಿನ ಯಜಮಾನರ ಜೀಪು ನಿಂತಿತ್ತು. ನಮ್ಮ ಕೇರಿಗೆ ಬರುತ್ತಿದ್ದ ವಾಹನ ಅದೊಂದೇ. ಅವರು ದಣಪೆ ದಾಟಿ ಗಳವನ್ನು ಮತ್ತೆ ಸಿಕ್ಕಿಸಿ ನಾಲ್ಕು ಹೆಜ್ಜೆ ಹೋಗಿರಬಹುದು. ಒಳಗೆ ಮಂಜ ವಾಂತಿ ಮಾಡಿಕೊಂಡ. ಕಣ್ಣು ಮೇಲಾಯಿತು, ಕೈಕಾಲು ಸೆಟೆದು ಜಗ್ಗತೊಡಗಿದವು. ಚಾಪೆಯ ಪಕ್ಕದಲ್ಲಿದ್ದ ತಾಮ್ರದ ಚೆಂಬಿಗೆ ಅವನ ಕಾಲು ತಾಗಿ ಅದು ಢಣ್ಣೆಂದು ಉರುಳಿತು. ಅಮ್ಮ ಕಿರುಚಿಕೊಂಡು ಅಂಗಳಕ್ಕೆ ಓಡಿದಳು.

"ಹ್ವಾ..."

ಅಮ್ಮ ಅಪ್ಪಯ್ಯನನ್ನು ಕರೆಯುತ್ತಿದ್ದದ್ದು ಹಾಗೇ, ಹ್ವಾಯ್ ಎಂದು. ಅವತ್ತು ಆ ಕರೆ ಅರ್ಧಕ್ಕೇ ನಿಂತಿತು. ಅಜ್ಜಿ ಹಿಂದಿನಿಂದ ಬಂದು ಅವಳ ಬಾಯಿಯನ್ನು ಎರಡೂ ಕೈಯಿಂದ ಮುಚ್ಚಿದ್ದಳು.

"ಕರೀಬೇಡ ಹೆಣೆ! ವರ್ಷದ್ ಮೊದ್ಲ್ ದಿನ. ಬೋಟಲ್ಲಿ ಅಷ್ಟ್ ಜನ ಇದ್ರ್, ಅವ್ರಿಗೂ ಮಕ್ಳಿದ್ದೊ!"

ಅಜ್ಜಿ ಕೆಟ್ಟವಳಾಗಿರಲಿಲ್ಲ. ಅವಳ ಗಂಡನೇ ಕಡಲಿಗೆ ಹೋದವರು ತಿರುಗಿ ಬಂದಿರಲಿಲ್ಲ. ಆ ಹೆದರಿಕೆ ಅವಳ ಕೈಯಲ್ಲಿತ್ತು. ನಾನು ಬಾಗಿಲ ಕಂಬ ಹಿಡಿದು ಅಪ್ಪಯ್ಯನ ಬೆನ್ನನ್ನೇ ನೋಡುತ್ತಿದ್ದೆ. ಒಂದು ಗಳಿಗೆ ನಿಂತ ಹಾಗೆ ಕಂಡಿತು. ಆಮೇಲೆ ನಡೆದರು. ಜೀಪು ಹೋಯಿತು.

ಅಮ್ಮ ಮಂಜನನ್ನು ಹೆಗಲಿಗೆ ಹಾಕಿಕೊಂಡು ಮರಳಿನಲ್ಲಿ ಕಾಲು ಹೂತುಕೊಳ್ಳುತ್ತ ಹೆದ್ದಾರಿಯವರೆಗೆ ಓಡಿದಳು. ಕೇರಿಯಲ್ಲಿ ಗಂಡಸರು ಅಂತ ಇದ್ದವರು ಮುದುಕರು ಮಾತ್ರ. ಬಸ್ಸು ಕಾದು, ಅದು ಸಿಗದೆ, ಯಾವುದೋ ಮೀನಿನ ಟೆಂಪೋ ನಿಲ್ಲಿಸಿ ಕುಂದಾಪುರ ಮುಟ್ಟುವಾಗ ಅಂಗಡಿಗಳಲ್ಲಿ ದೀಪ ಹತ್ತಿತ್ತಂತೆ. ಅಲ್ಲಿಂದ ದೊಡ್ಡಾಸ್ಪತ್ರೆಗೆ ಕಳಿಸಿದರು. ಮೆದುಳು ಜ್ವರ ಅಂದರು. ಸ್ವಲ್ಪ ಬೇಗ ಬಂದಿದ್ದರೆ ಏನಾದರೂ ನೋಡಬಹುದಿತ್ತು ಅಂದರು. ಬೇಗ ಹೋಗಿದ್ದರೆ ಮಂಜ ಉಳಿಯುತ್ತಿದ್ದನೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಅಮ್ಮನಿಗೆ ಮಾತ್ರ ಗೊತ್ತಿತ್ತು, ಉಳಿಯುತ್ತಿದ್ದ ಎಂದು.

ಅಪ್ಪಯ್ಯನಿಗೆ ಸುದ್ದಿ ಮುಟ್ಟಿಸುವ ದಾರಿ ಇರಲಿಲ್ಲ. ಮೊಬೈಲು ಆಗಿನ್ನೂ ದುಡ್ಡಿದ್ದವರ ಕಿಸೆಯ ವಸ್ತು, ಆಳಸಮುದ್ರದಲ್ಲಿ ಅದು ಇದ್ದರೂ ಇಲ್ಲದ ಹಾಗೆ. ಬೋಟು ಬಂದರಿಗೆ ಬಂದಾಗ ಯಾರೋ ಹೇಳಿದರಂತೆ. ಮನೆಗೆ ಬಂದಾಗ ಅವರ ಕೈಯಲ್ಲಿ ಒಂದು ಪ್ಲಾಸ್ಟಿಕ್ ತೊಟ್ಟೆ ಇತ್ತು, ಅದರಲ್ಲಿ ದಪ್ಪ ದಪ್ಪ ಚಟ್ಲಿ, ಅಂದರೆ ಸೀಗಡಿ. ಮಂಜನಿಗೆ ಚಟ್ಲಿ ಅಂದರೆ ಪ್ರಾಣ. ಅವನಿಗೆಂದು ಆರಿಸಿ ಮಂಜುಗಡ್ಡೆಯಲ್ಲಿ ಇಟ್ಟದ್ದನ್ನು ಸುದ್ದಿ ಕೇಳಿದ ಮೇಲೂ ಕೈಬಿಡದೆ ತಂದಿದ್ದರು. ತೊಟ್ಟೆಯಿಂದ ಜಗಲಿಗೆ ನೀರು ತೊಟ್ಟಿಕ್ಕುತ್ತಿತ್ತು. ಅಮ್ಮ ಕುಡಿಯಲು ನೀರು ತಂದಿಟ್ಟಳು.

ಅಪ್ಪಯ್ಯ ನೆಲ ನೋಡುತ್ತ ಅಂದರು:

"ನಂಗ್ ಕೇಂಡಿತ್ತ್."

ಯಾರಿಗೂ ಅರ್ಥವಾಗಲಿಲ್ಲ.

"ಚೆಂಬ್ ಬಿದ್ದದ್ದ್ ಕೇಂಡಿತ್ತ್. ನೀ ಕರದ್ದೂ ಕೇಂಡಿತ್ತ್. ನಾ ತಿರ್ಗ್ಲಿಲ್ಲ."

ಅಮ್ಮ ಎದ್ದು ಒಳಗೆ ಹೋದಳು. ಅಜ್ಜಿ ಸೆರಗು ಬಾಯಿಗೆ ತುರುಕಿಕೊಂಡು ಅಳುತ್ತಿದ್ದಳು. ನನಗೆ ಅಂಗಳದ ಆಟ ನೆನಪಾಯಿತು. ಆಮೇಲೆ ಕೇರಿಯ ಯಾವ ಮಗುವೂ ನನ್ನೆದುರು ಆ ಆಟ ಆಡಲಿಲ್ಲ.

ಮತ್ತೆ ಕಡಲಿಗೆ ಹೊರಡುವ ದಿನ ಬಂತು. ಹೊಟ್ಟೆ ಕೇಳಬೇಕಲ್ಲ. ಅಪ್ಪಯ್ಯ ಚೀಲ ಹೆಗಲಿಗೇರಿಸಿ ದಣಪೆ ದಾಟಿದರು. ಆಮೇಲೆ ನಿಂತರು. ಜೀಪಿನಲ್ಲಿ ಬೋಟಿನ ಆಳುಗಳು ಕೂತು ನೋಡುತ್ತಿದ್ದ ಹಾಗೆಯೇ ಪೂರ್ತಿ ತಿರುಗಿ ಮನೆಯ ಕಡೆ ಮುಖ ಮಾಡಿದರು.

"ಎಂತಾರೂ ಹೇಳುಕಿತ್ತಾ?"

ಅಜ್ಜಿ ಹಣೆ ಚಚ್ಚಿಕೊಂಡಳು. ಅಮ್ಮ ಬಾಗಿಲಲ್ಲಿ ನಿಂತಿದ್ದಳು, ಉತ್ತರ ಕೊಡಲಿಲ್ಲ. ಅಪ್ಪಯ್ಯ ಕಾದರು. ಕೊನೆಗೆ ನಾನೇ ಕೂಗಿ ಹೇಳಿದೆ, "ಎಂತ ಇಲ್ಲೆ ಅಪ್ಪಯ್ಯ."

ಆಗ ಹೋದರು.

ಪ್ರತಿ ಸಲವೂ ಇದೇ ನಡೆಯಿತು. ಬೋಟಿನ ಆಳುಗಳು ಗೊಣಗಿದರು. ಒಮ್ಮೆ ಮೀನು ಸಿಗಲಿಲ್ಲ, ಇನ್ನೊಮ್ಮೆ ಎಂಜಿನ್ ಕೈಕೊಟ್ಟಿತು. ಎಲ್ಲ ಬೋಟಿಗೂ ಆಗುವಂಥದ್ದೇ, ಆದರೆ ನಮ್ಮ ಅಪ್ಪಯ್ಯನ ಬೋಟಿಗೆ ಆದಾಗ ಅದಕ್ಕೊಂದು ಕಾರಣವಿತ್ತು. ಯಜಮಾನರು ಮನೆಗೇ ಬಂದರು. "ತಾಂಡೇಲ್ರೇ, ನಿಮ್ ದುಃಖ ನಂಗ್ ಗೊತ್ತಿತ್ತ್. ಆದ್ರೆ ಜನ ಹೆದ್ರತ್ರ್. ಅದೊಂದ್ ಬಿಡಿ."

"ಬೋಟೇ ಬಿಡ್ತೆ," ಅಂದರು ಅಪ್ಪಯ್ಯ.

ಹಾಗೇ ಮಾಡಿದರು. ಎಂಟು ಹತ್ತು ಜನರ ಜೀವ ಹಿಡಿದಿದ್ದ ಕೈ ಆಮೇಲೆ ದಡದ ಚಪ್ಪರದಲ್ಲಿ ಬೇರೆಯವರ ಬಲೆ ನೇಯ್ದಿತು. ಚಪ್ಪರ ಇದ್ದದ್ದು ಕೂಗಿದರೆ ಕೇಳುವಷ್ಟು ಹತ್ತಿರ. ಅಲ್ಲಿಗೆ ಹೋಗುವಾಗಲೂ ದಣಪೆಯ ಹತ್ತಿರ ನಿಂತು ತಿರುಗಿ ಕೇಳುತ್ತಿದ್ದರು. ಬೀಡಿ ತರಲು ಅಂಗಡಿಗೆ ಹೋಗುವಾಗಲೂ. ಊರವರು ಮೊದಲು ನಕ್ಕರು, ಆಮೇಲೆ ಅಭ್ಯಾಸವಾಯಿತು. ಅಮ್ಮ ಮಾತ್ರ ಉತ್ತರಿಸಲಿಲ್ಲ. ಅನ್ನ ಬಡಿಸಿದಳು, ಬಟ್ಟೆ ಒಗೆದಳು, ಜ್ವರ ಬಂದರೆ ಹಣೆ ಒತ್ತಿದಳು. ಆ ಒಂದು ಪ್ರಶ್ನೆಗೆ ಮಾತ್ರ ಅವಳ ಬಾಯಿಗೆ ಬೀಗ. ಯಾಕೆ ಉತ್ತರ ಕೊಡುವುದಿಲ್ಲ ಎಂದು ಒಮ್ಮೆ ನಾನೇ ಸಿಟ್ಟಾಗಿ ಕೇಳಿದ್ದಕ್ಕೆ ಪಾತ್ರೆ ತಿಕ್ಕುತ್ತಿದ್ದವಳು ತಲೆಯೆತ್ತದೆ ಅಂದಳು, "ಅವತ್ತ್ ಕೇಂಬುಕಿತ್ತ್."

ನಾನು ಹೈಸ್ಕೂಲಿಗೆ ಹೋಗುತ್ತಿದ್ದ ಕಾಲದಲ್ಲಿ ಒಂದು ಬೆಳಿಗ್ಗೆ, ಎಂದಿನಂತೆ ಅಪ್ಪಯ್ಯ ಕೇಳಿದಾಗ, ಎಂತ ಇಲ್ಲೆ ಅನ್ನುವ ಬದಲು ನನ್ನ ಬಾಯಿಂದ ಬೇರೆಯೇ ಬಂತು. "ನಂಗೆ ಶಾಲಿಗ್ ಹೋಪುಕೆ ಹೆದ್ರಿಕಿ ಆತ್ತ್." ಅಪ್ಪಯ್ಯ ಚೀಲ ಕೆಳಗಿಟ್ಟರು. ಒದ್ದೆ ನೆಲದಲ್ಲಿ, ದಣಪೆಯ ಬುಡದಲ್ಲೇ ಕೂತರು. "ಹೇಳ್," ಅಂದರು ಅಷ್ಟೇ. ಬಸ್ಸಿನಲ್ಲಿ ಹಿಂದಿನಿಂದ ಬಂದು ಒತ್ತಿ ನಿಲ್ಲುತ್ತಿದ್ದವನೊಬ್ಬನ ಸಂಗತಿ ಅದು. ಹೇಳಿ ಮುಗಿಸಲು ನನಗೆ ತುಂಬ ಹೊತ್ತು ಬೇಕಾಯಿತು. ಅವರು ನಡುವೆ ಒಂದು ಮಾತೂ ಆಡಲಿಲ್ಲ, ನೀನೆಂತ ಮಾಡಿದೆ ಎಂದು ಕೇಳಲಿಲ್ಲ. ಮರುದಿನದಿಂದ ಅದೇ ಬಸ್ಸಿನಲ್ಲಿ ನನ್ನ ಹಿಂದೆ ನಿಂತು ಬಂದರು, ಅವನು ಕಾಣೆಯಾಗುವವರೆಗೂ. ಅವತ್ತು ಅವರು ಕೇಳದೇ ಇದ್ದಿದ್ದರೆ ನಾನು ಶಾಲೆ ಬಿಟ್ಟು ಮೀನು ಒಣಗಿಸುತ್ತ ಕೂರುತ್ತಿದ್ದೆ, ಟೀಚರ್ ಆಗುತ್ತಿರಲಿಲ್ಲ.

ಈಗ ನಾನು ಬ್ರಹ್ಮಾವರದ ಕಡೆ ಮಕ್ಕಳಿಗೆ ಪಾಠ ಮಾಡುತ್ತೇನೆ. ಪಾಲಕರ ಸಭೆಗೆ ಅಪ್ಪಂದಿರು ಬರುವುದೇ ಅಪರೂಪ. ಬಂದವರು ಬೈಕಿನ ಕೀಲಿ ಬೆರಳಲ್ಲಿ ತಿರುಗಿಸುತ್ತ, "ಟೀಚರ್, ಬೇಗ ಹೇಳಿ, ಎಂತ ಮಾಡ್ಕ್ ನಾವ್?" ಅನ್ನುತ್ತಾರೆ. ಒಳ್ಳೆಯ ಅಪ್ಪನಾಗುವುದು ಹೇಗೆ ಎಂದು ಹೇಳುವ ವಿಡಿಯೋಗಳಿಗೇನು ಬರಗಾಲವೇ? ಅವನ್ನೂ ನೋಡಿರುತ್ತಾರೆ ಪಾಪ. ನಾನು ಹೇಳುವುದು ಒಂದೇ. ಮನೆಯಿಂದ ಹೊರಡುವಾಗ ಗೇಟಿನ ಹತ್ತಿರ ನಿಲ್ಲಿ. ತಿರುಗಿ. ಏನಾದರೂ ಹೇಳಲಿಕ್ಕಿದೆಯಾ ಎಂದು ಕೇಳಿ, ಉತ್ತರ ಬರುವವರೆಗೆ ಗಾಡಿ ಸ್ಟಾರ್ಟ್ ಮಾಡಬೇಡಿ. ಒಳಗೆ ಏನೋ ಬಿದ್ದ ಸದ್ದಾದರೆ ಎಷ್ಟೇ ಅವಸರವಿದ್ದರೂ ಹೋಗಿ ನೋಡಿ. ಅವರು ನಗುತ್ತಾರೆ. ಇಷ್ಟೇಯಾ ಅನ್ನುತ್ತಾರೆ. ಇಷ್ಟೇ. ಇದನ್ನು ಕಲಿಯಲು ನಮ್ಮ ಮನೆಯಲ್ಲಿ ಒಂದು ಮಗು ಹೋಗಬೇಕಾಯಿತು.

ಅಪ್ಪಯ್ಯ ಹೋದ ವರ್ಷ ತೀರಿಕೊಂಡರು. ಮಳೆ ಬಿಟ್ಟ ಒಂದು ಬೆಳಿಗ್ಗೆ, ಚಹಾ ಕುಡಿದು ಮಲಗಿದವರು ಏಳಲಿಲ್ಲ. ಹೊತ್ತುಕೊಂಡು ಹೊರಟಾಗ ದಣಪೆ ಇರಲಿಲ್ಲ. ಆ ಜಾಗದಲ್ಲಿ ಈಗ ಕಬ್ಬಿಣದ ಗೇಟು ಇದೆ. ಹೊತ್ತವರು ಗೇಟು ದಾಟಿ ನಾಲ್ಕು ಹೆಜ್ಜೆ ಹೋಗಿದ್ದರು. ಅಲ್ಲಿಯವರೆಗೆ ಕಲ್ಲಿನ ಹಾಗೆ ಕೂತಿದ್ದ ಅಮ್ಮ ಎದ್ದಳು. ಅಂಗಳದ ನಡುವಿನವರೆಗೆ ಓಡಿ, ಇಡೀ ಕೇರಿಗೆ ಕೇಳುವ ಹಾಗೆ ಕರೆದಳು.

"ಹ್ವಾಯ್! ಒಂದ್ ಗಳ್ಗಿ ನಿಲ್ಲಿ. ಹೇಳುಕಿತ್ತ್!"

ಅವಳ ಬಾಯಿ ಮುಚ್ಚಲು ಅಜ್ಜಿ ಇರಲಿಲ್ಲ. ನಾನೂ ಮುಚ್ಚಲಿಲ್ಲ. ಹೊತ್ತವರು ಯಾರೂ ತಿರುಗಲಿಲ್ಲ. ಹೆಣ ಹೊತ್ತವರು ಹಿಂದೆ ನೋಡಬಾರದು ಅನ್ನುವುದೂ ನಮ್ಮಲ್ಲಿ ಒಂದು ಕಟ್ಟಳೆ.

ಕೆಲವು ದಿನ ಕಳೆದ ಮೇಲೆ ಅಮ್ಮನ ಪಕ್ಕ ಕೂತು ಕೇಳಿದೆ, ಅವತ್ತು ಏನು ಹೇಳಲಿಕ್ಕಿತ್ತು ಎಂದು. ಗೇಟಿನ ಕಡೆ ನೋಡುತ್ತಿದ್ದಳು. "ಅದ್ ನಿಂಗ್ ಹೇಳುದಲ್ಲ," ಅಂದಳು.

ನಾನು ಊರಿನಿಂದ ಹೊರಡುವಾಗ ಈಗಲೂ ಆ ಗೇಟಿನ ಹತ್ತಿರ ನಿಂತು ತಿರುಗುತ್ತೇನೆ. ಜಗಲಿಯಲ್ಲಿ ಬಲೆ ಇಲ್ಲ, ನೂಲಿನ ಉಂಡೆ ಹಿಡಿದು ಕೂತವನಿಲ್ಲ, ಅವನನ್ನು ಮಡಿಲಲ್ಲಿ ಕೂರಿಸಿಕೊಂಡವರೂ ಇಲ್ಲ. ಅಮ್ಮ ಒಬ್ಬಳು ಬಾಗಿಲಲ್ಲಿ ನಿಂತಿರುತ್ತಾಳೆ. ಹೇಳುಕಿತ್ತಾ ಎಂದು ಕೇಳುತ್ತೇನೆ. ಎಂತ ಇಲ್ಲೆ, ಹೋಗ್ ಬಾ ಅನ್ನುತ್ತಾಳೆ. ಅಪ್ಪಯ್ಯ ಅವಳ ಬಾಯಿಂದ ಕೇಳಲು ಅಷ್ಟು ವರ್ಷ ನಿಂತು ಕಾದ ಉತ್ತರ ಅದು.