ಕೊಂಡಜ್ಜಿ ಕೆರೆಯ ಏರಿಯ ಮೇಲೆ ಇಬ್ಬರು ನಡುಗಿದ್ದೆವು

ರೂತಳಿಗೆ ದೆವ್ವ ಹಿಡಿದಿರಲಿಲ್ಲ. ಅದು ನನಗೆ ಆವತ್ತೇ ಗೊತ್ತಿತ್ತು. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡು ಕೂತೆ — ಇಲ್ಲ, ಮುಚ್ಚಿಕೊಂಡಿದ್ದರೂ ಎಷ್ಟೋ ವಾಸಿಯಿತ್ತು. ನಾನು ಬಾಯಿ ತೆರೆದೇ ಆ ಹುಡುಗಿಯನ್ನು ಹಾಳು ಮಾಡಿದೆ.

ಇದನ್ನು ಬರೆಯುತ್ತಿರುವುದು ನಿಮಗೆ, ದಾವಣಗೆರೆಯ ನಮ್ಮ ಸಭೆಯವರಿಗೆ. ಪ್ರತಿ ಭಾನುವಾರ ನನ್ನ ಜೊತೆ ಒಂದೇ ಸೂರಿನಡಿ ಹಾಡುವವರಿಗೆ, ಪ್ರಾರ್ಥನೆ ಮುಗಿದ ಮೇಲೆ ‘ಪ್ರೇಮಕ್ಕ, ನಮ್ಮನೆ ಸಲುವಾಗಿ ಪ್ರಾರ್ಥನೆ ಮಾಡ್ರಿ’ ಎಂದು ಕೈ ಹಿಡಿದುಕೊಳ್ಳುವವರಿಗೆ. ನಿಮ್ಮಲ್ಲಿ ಅರ್ಧ ಜನ ನನ್ನ ಸಂಡೇ ಸ್ಕೂಲಿನಲ್ಲೇ ಓದಿದವರು. ಸ್ತ್ರೀಯರ ಕೂಟ ನಡೆಸುವವಳೂ ನಾನೇ. ವರ್ಷಕ್ಕೊಮ್ಮೆ ಎದ್ದು ನಿಂತು ದೇವಭಯದ ಬಗ್ಗೆ ಮಾತಾಡುವವಳೂ ನಾನೇ. ಎಂಥ ಧೈರ್ಯ ನನಗೆ! ನೆನೆಸಿಕೊಂಡರೆ ಮೈ ಉರಿಯುತ್ತದೆ.

ರೂತ್ ಯಾರೆಂದು ಹೊಸಬರಿಗೆ ಗೊತ್ತಿರಲಿಕ್ಕಿಲ್ಲ. ಆಸ್ಪತ್ರೆಯಲ್ಲಿ ಆಯಾ ಆಗಿದ್ದ ಶಾಂತಮ್ಮನ ಮಗಳು. ಆಗಷ್ಟೇ ಪಿಯುಸಿ ಮುಗಿಸಿದ್ದಳು. ಮಾತು ಕಡಿಮೆ, ಮಕ್ಕಳೆಂದರೆ ಜೀವ. ‘ಅಕ್ಕ, ನಾನೂ ನಿಮ್ಮಂಗೆ ಸಂಡೇ ಸ್ಕೂಲ್ ತಗೊಳ್ತೀನಿ’ ಎಂದು ಎರಡು ವರ್ಷದಿಂದ ನನ್ನ ಬೆನ್ನು ಹತ್ತಿದ್ದಳು. ಜೂನ್ ತಿಂಗಳಿಂದ ಸಣ್ಣ ಮಕ್ಕಳ ತರಗತಿ ನಿನಗೇ ಎಂದು ನಾನು ಮಾತು ಕೊಟ್ಟಿದ್ದೆ. ಬೇರೆ ಏನನ್ನೂ ಆ ಹುಡುಗಿ ಯಾರಲ್ಲೂ ಕೇಳಿದವಳಲ್ಲ.

ಮೇ ತಿಂಗಳಲ್ಲಿ ಯುವಜನರ ಶಿಬಿರಕ್ಕೆಂದು ಕೊಂಡಜ್ಜಿಗೆ ಹೋಗಿದ್ದೆವು. ಇಪ್ಪತ್ತು ವರ್ಷದ ಹತ್ತಿರ ಹತ್ತಿರವಾಯಿತು. ದೇವರ ವಾಕ್ಯ ಹೇಳಲು ಹೊರಗಿನಿಂದ ಒಬ್ಬ ಬ್ರದರ್ ಬಂದಿದ್ದರು — ಗಟ್ಟಿ ದನಿ, ಬಿಳಿ ಅಂಗಿ, ಮಾತಿಗೆ ನಿಂತರೆ ಮೈಕೇ ಬೇಡ. ಆವತ್ತು ಬೆಳಿಗ್ಗೆ ಅವರು ಹೇಳಿದ್ದು ಒಂದೇ ಮಾತು: ದೇವರ ಮಕ್ಕಳಿಗೆ ಭಯ ಇರುವುದಿಲ್ಲ, ಎಲ್ಲಿ ಭಯ ಇದೆಯೋ ಅಲ್ಲಿ ಸೈತಾನನಿದ್ದಾನೆ. ಎಲ್ಲರಿಗಿಂತ ಜೋರಾಗಿ ‘ಆಮೆನ್’ ಎಂದವಳು ನಾನು. ಆ ವರ್ಷ ಸ್ತ್ರೀಯರ ಕೂಟಕ್ಕೆ ಹೊಸ ಮುಂದಾಳನ್ನು ಆರಿಸುವುದಿತ್ತು. ಆಮೆನ್ ಕೇಳಿಸಬೇಕಾದವರಿಗೆ ಕೇಳಿಸಲಿ ಎಂಬ ಆಸೆ ನನಗೆ — ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ಇತ್ತು.

ಮಧ್ಯಾಹ್ನ ಊಟವಾದ ಮೇಲೆ ನಾನೂ ರೂತಳೂ ಕೆರೆ ಏರಿಯ ಕಡೆ ಹೋದೆವು. ಬಟ್ಟೆ ಒಣಹಾಕಲು ಹೋಗಿದ್ದ ಹುಡುಗಿಯರನ್ನು ಕರೆತರಬೇಕಿತ್ತು. ಹೋಗಿ ನೋಡಿದರೆ ಅವರು ಆಗಲೇ ಹೊರಟುಹೋಗಿದ್ದರು. ಅಷ್ಟರಲ್ಲಿ ಗುಡ್ಡದ ಹಿಂದಿನಿಂದ ಮೋಡ ಎದ್ದಿತು. ಬೇಸಿಗೆ ಮಳೆ ನಮಗೇನು ಹೊಸದೇ? ಓಡಿಹೋಗೋಣ ಎಂದೆ. ಆದರೆ ಕಾಲು ಕೀಳಲಾಗಲಿಲ್ಲ. ಬೆಳ್ಳಗಿದ್ದ ಕೆರೆ ಕಣ್ಣೆದುರೇ ಕಪ್ಪಾಯಿತು. ಗಾಳಿ ನಿಂತಿತು. ಅಲ್ಲಿಯವರೆಗೂ ಕಿಚಿಪಿಚಿ ಅನ್ನುತ್ತಿದ್ದ ಒಂದೊಂದು ಹಕ್ಕಿಯೂ ಸುಮ್ಮನಾಯಿತು. ಆಮೇಲೆ ಆಚೆ ದಡದ ಗುಡ್ಡದ ಮೇಲೆ ಸಿಡಿಲು ಬಿತ್ತು. ಒಂದೊಂದು ಬಂಡೆಯೂ ಬೇರೆ ಬೇರೆಯಾಗಿ ಕಂಡಿತು. ಸದ್ದು ಕಿವಿಗಿಂತ ಮೊದಲು ಅಂಗಾಲಿಗೆ ಬಂತು.

ಆ ಕ್ಷಣದಲ್ಲಿ ನನಗೆ ಏನಾಯಿತೆಂದು ಹೇಗೆ ಹೇಳಲಿ — ಪ್ರಯತ್ನಿಸಿದಷ್ಟೂ ಮಾತು ಕೈ ಕೊಡುತ್ತದೆ. ಸಾಯುತ್ತೇನೆಂಬ ಭಯವಲ್ಲ ಅದು. ಇದನ್ನೆಲ್ಲ ಮಾಡಿದವನೊಬ್ಬ ಇದ್ದಾನೆ, ನಿಜವಾಗಿಯೂ ಇದ್ದಾನೆ, ಅವನೆದುರು ನಾನು ನಿಂತುಕೊಂಡಿದ್ದೇನೆ, ನಿಂತಿರಬಾರದು — ಅಷ್ಟೇ. ಹುಟ್ಟಿದಾಗಿನಿಂದ ಕ್ರೈಸ್ತಳು ನಾನು. ದೇವರು ದೊಡ್ಡವನು ಎಂದು ಸಾವಿರ ಸಲ ಹಾಡಿದ್ದೆ. ಆದರೆ ಆವತ್ತಿನವರೆಗೆ ಅವನನ್ನು ನಮ್ಮ ಓಣಿಯ ಹಿರಿಯರೊಬ್ಬರ ಹಾಗೆ, ಹೋಗಿ ಶಿಫಾರಸು ಕೇಳಬಹುದಾದವರ ಹಾಗೆ ಇಟ್ಟುಕೊಂಡಿದ್ದೆ. ಮೊಣಕಾಲು ತಾನಾಗಿ ಮಡಚಿತು. ಏರಿಯ ಮಣ್ಣಲ್ಲೇ ಕೂತುಬಿಟ್ಟೆ. ‘ಅಪ್ಪಾ, ಅಪ್ಪಾ’ ಎನ್ನುವುದು ಬಿಟ್ಟರೆ ಬಾಯಲ್ಲಿ ಬೇರೆ ಮಾತೇ ಹೊರಡಲಿಲ್ಲ.

ಪಕ್ಕದಲ್ಲಿ ರೂತ್ ಹಣೆಯನ್ನು ನೆಲಕ್ಕೆ ಹಚ್ಚಿ ನಡುಗುತ್ತಿದ್ದಳು. ಮಳೆ ಶುರುವಾದ ಮೇಲೆ ತಲೆ ಎತ್ತಿದಳು. ಅಳುತ್ತಿದ್ದಳು, ನಗುತ್ತಲೂ ಇದ್ದಳು.

‘ಅಕ್ಕಾ, ಇಷ್ಟು ದೊಡ್ಡೋನು ಐದಾನೆ... ಇವನ ಹತ್ರನಾ ನಾವು ದಿನಾ ಮಾರ್ಕ್ಸ್ ಕೊಡು, ಬಸ್ಸಿನಾಗೆ ಸೀಟು ಕೊಡು ಅಂತ ಕೇಳೋದು?’

ಇದಕ್ಕಿಂತ ದೊಡ್ಡ ಪ್ರಸಂಗವನ್ನು ನಾನು ಯಾವ ಪಾಸ್ಟರ್ ಬಾಯಲ್ಲೂ ಕೇಳಿಲ್ಲ. ಮೊದಲು ಎದ್ದವಳು ನಾನೇ. ಎದ್ದ ಕೂಡಲೇ ಮಾಡಿದ ಕೆಲಸವೆಂದರೆ ಸೀರೆಯ ಕೆಸರು ಒರೆಸಿಕೊಂಡದ್ದು. ಶಿಬಿರಕ್ಕೆ ಬಂದು ಯಾರೂ ನೋಡುವ ಮೊದಲೇ ಬೇರೆ ಸೀರೆ ಉಟ್ಟುಕೊಂಡೆ.

ರೂತಳಿಗೆ ಅಂಥ ಜಾಣತನ ಬರಲಿಲ್ಲ. ಒದ್ದೆ ಬಟ್ಟೆಯಲ್ಲೇ ಒಂದು ಮೂಲೆಯಲ್ಲಿ ಕೂತಳು. ನಡುಕ ನಿಲ್ಲಲಿಲ್ಲ. ಸಂಜೆ ಕೂಟದಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿ ಹಾಡುತ್ತಿದ್ದರೆ ಇವಳು ಮುಖ ಮುಚ್ಚಿಕೊಂಡಿದ್ದಳು. ಬ್ರದರ್ ಹಾಡು ನಿಲ್ಲಿಸಿದರು. ಏನಾಯಿತೆಂದು ಕೇಳಿದರು.

‘ಭಯ ಆಗ್ತೈತಿ ಬ್ರದರ್,’ ಎಂದಳು.

ಬೆಳಿಗ್ಗೆಯ ಪ್ರಸಂಗ ಕೇಳಿದವರಿಗೆ ಇನ್ನೇನು ಬೇಕು! ಕೂಟದ ತುಂಬ ಗುಸುಗುಸು. ಬ್ರದರ್ ನನ್ನ ಕಡೆ ತಿರುಗಿದರು.

‘ಸಿಸ್ಟರ್, ನೀವು ಇವಳ ಜೊತೆ ಇದ್ರಲ್ಲ? ಅಲ್ಲೇನಾಯ್ತು, ಹೇಳ್ರಿ.’

ಹೇಳುವುದು ಎಷ್ಟು ಸುಲಭವಿತ್ತು! ‘ಬ್ರದರ್, ನಾನೂ ನಡುಗಿದೆ. ಇದು ಸೈತಾನನದಲ್ಲ.’ ಇಷ್ಟೇ. ಆದರೆ ಎಲ್ಲರ ಕಣ್ಣೂ ನನ್ನ ಮೇಲಿತ್ತು. ಹೇಳಿದರೆ ದೆವ್ವ ಬಿಡಿಸಲು ನನ್ನ ತಲೆಯ ಮೇಲೂ ಎಲ್ಲರೂ ಕೈ ಇಡುತ್ತಾರೆ ಎನಿಸಿತು. ಕೂಟದ ಮುಂದಾಳಾಗಬೇಕಾದವಳಿಗೆ ದೆವ್ವ ಹಿಡಿದಿತ್ತಂತೆ ಎಂದರೆ — ನಾನು ಹೇಳಿದ್ದು ಇದು:

‘ಗೊತ್ತಿಲ್ಲ ಬ್ರದರ್. ಒಮ್ಮಿಂದೊಮ್ಮೆಲೇ ಬಿದ್ದು ನಡುಗಿದ್ಲು. ಮೊದಲಿಂದಾನೂ ಸ್ವಲ್ಪ ಹಂಗೇ ಅವಳು.’

ಮೊದಲಿಂದಾನೂ ಸ್ವಲ್ಪ ಹಂಗೇ. ಕೇಳಿದ ಪ್ರಶ್ನೆಗೆ ಬೇಕಿಲ್ಲದಿದ್ದ ಮಾತು ಅದು. ಯಾಕೆ ಸೇರಿಸಿದೆ? ಇವತ್ತಿಗೂ ನನಗೆ ನನ್ನ ಮೇಲೆ ಸಿಟ್ಟು ಬರುವುದು ಅದಕ್ಕೇ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ನಾನು ಆಡಿದ ಮಾತು ಹೋಗಲೇ ಇಲ್ಲ, ಆ ಹುಡುಗಿಯ ಹೆಗಲ ಮೇಲೆ ಕೂತಿತು.

‘ಭಯದ ಆತ್ಮ’ ಎಂದರು ಬ್ರದರ್. ಎಣ್ಣೆ ಹಚ್ಚಿದರು. ಸುತ್ತ ನಿಂತು ತಲೆಯ ಮೇಲೆ, ಭುಜದ ಮೇಲೆ ಕೈ ಇಟ್ಟು ‘ಬಿಟ್ಟು ಹೋಗು, ಬಿಟ್ಟು ಹೋಗು’ ಎಂದು ಕೂಗಿದರು. ನಾನೂ ಕೂಗಿದೆ. ಹೌದು, ನಾನೂ. ‘ಇಲ್ಲ ಬ್ರದರ್, ಅದು ದೇವರೇ’ ಎಂದು ಅವಳು ಹೇಳಿದಷ್ಟೂ ಕೂಗು ಜೋರಾಯಿತು, ದೆವ್ವವೇ ವಾದ ಮಾಡುತ್ತಿದೆ ಎಂದರು. ಕೊನೆಗೆ ಸೋತು, ಗಂಟಲು ಒಣಗಿ, ನನ್ನನ್ನು ನೋಡುತ್ತಾ ಅಂದಳು: ‘ಹೋಯ್ತು ಬ್ರದರ್. ಬಿಟ್ಟು ಹೋಯ್ತು.’

ಎಲ್ಲರೂ ಹಲ್ಲೆಲೂಯಾ ಎಂದರು. ದೇವರು ತನ್ನ ಕೈಕೆಲಸ ತೋರಿಸಿ ಒಬ್ಬ ಹುಡುಗಿಯನ್ನು ಮಂಡಿಯೂರಿಸಿದ್ದ. ನಾವು ಅವಳ ಬಾಯಿಂದಲೇ ಅದನ್ನು ದೆವ್ವ ಎನ್ನಿಸಿದೆವು.

ಆಮೇಲಿನದು ನಿಮ್ಮಲ್ಲಿ ಹಳಬರಿಗೆ ಗೊತ್ತು. ‘ಆ ಹುಡುಗಿ ಹತ್ರ ಮಕ್ಕಳನ್ನ ಬಿಡಬ್ಯಾಡ್ರಿ’ ಎಂದು ತಾಯಂದಿರು ನನಗೇ ಬಂದು ಹೇಳಿದರು. ಜೂನ್ ಬಂತು. ಶಾಂತಮ್ಮ ನನ್ನ ಮನೆ ಬಾಗಿಲಿಗೆ ಬಂದು, ‘ತರಗತಿ ಕೊಡ್ತೀನಿ ಅಂದಿದ್ರಲ್ಲ ಅಕ್ಕ, ಕಾಯ್ತಾ ಕುಂತೈತೆ ಮಗು’ ಎಂದಾಗ, ‘ಸ್ವಲ್ಪ ದಿನ ಹೋಗ್ಲಿ ಶಾಂತಮ್ಮ’ ಎಂದು ನುಣುಚಿಕೊಂಡೆ. ರೂತ್ ಒಂದಷ್ಟು ಭಾನುವಾರ ಕೊನೆಯ ಬೆಂಚಿನಲ್ಲಿ ಕೂತಳು. ಆಮೇಲೆ ಬರಲಿಲ್ಲ. ಹರಿಹರಕ್ಕೆ ಮದುವೆಯಾಗಿ ಹೋದಳೆಂದು ಕೇಳಿದೆ. ನಾನು ಮುಂದಾಳಾದೆ.

ನನಗೇನೂ ಆಗಲಿಲ್ಲ ಎಂದುಕೊಳ್ಳಬೇಡಿ. ಆ ದಿನದ ಭಯ ನನಗೆ ಮತ್ತೆ ಬರಲಿಲ್ಲ. ಬರಲಿ ಎಂದು ಎಷ್ಟು ಒದ್ದಾಡಿದ್ದೇನೆ! ಹೊಳೆ ತುಂಬಿದೆ ಎಂದು ಕೇಳಿದ ಕೂಡಲೇ ಬಸ್ಸು ಹತ್ತಿ ಹರಿಹರದ ಸೇತುವೆಗೆ ಹೋಗಿ ನಿಂತಿದ್ದೇನೆ. ತುಂಗಭದ್ರೆ ಕೆಂಪಗೆ, ಮರದ ಬೊಡ್ಡೆಗಳನ್ನು ಹೊತ್ತುಕೊಂಡು ಹೋಗುತ್ತಿದ್ದಳು. ಜನ ಮೊಬೈಲ್ ಹಿಡಿದು ಫೋಟೋ ತೆಗೆಯುತ್ತಿದ್ದರು. ನಾನು ಕಣ್ಣು ಮುಚ್ಚಿ ಕಾದೆ. ಬಂದದ್ದು ಒಂದೇ ಯೋಚನೆ — ಹೊತ್ತಾಯಿತು, ವಾಪಸ್ ಬಸ್ಸಿನಲ್ಲಿ ಸೀಟು ಸಿಗುತ್ತದೋ ಇಲ್ಲವೋ. ಸಿಟ್ಟು ತಡೆಯಲಾರದೆ ಸೇತುವೆಯ ಕಟ್ಟೆಗೆ ಕೈ ಗುದ್ದಿಕೊಂಡೆ. ಮನೆಗೆ ಬಂದರೆ ನಮ್ಮವರು, ‘ಈ ವಯಸ್ಸಿನಾಗೆ ಹೊಳೆ ನೋಡಾಕೆ ಹೋಗಿ ಕೈ ಯಾಕ ಕೆತ್ತಿಸ್ಕೊಂಡು ಬಂದಿ?’ ಎಂದು ಬೈದರು. ಏನು ಹೇಳಲಿ ಅವರಿಗೆ?

ಈ ವರ್ಷ ದೇವಭಯದ ಬಗ್ಗೆ ಮಾತಾಡಬೇಕಾದ ದಿನ ಮತ್ತೆ ಹತ್ತಿರ ಬಂತು. ಈ ಸಲ ನಾಲಿಗೆ ಹೊರಳಲಿಲ್ಲ. ಹುಡುಕಿಕೊಂಡು ರೂತಳ ಅಂಗಡಿಗೆ ಹೋದೆ. ಹರಿಹರದಲ್ಲಿ ಒಂದು ಸಣ್ಣ ಕೋಣೆ, ಎರಡು ಹೊಲಿಗೆ ಮಷಿನ್ನು, ಬ್ಲೌಸ್ ಹೊಲಿಯುತ್ತಾಳೆ. ತಲೆಯಲ್ಲಿ ಬಿಳಿ ಕೂದಲು ಬಂದಿದೆ. ನೋಡಿದ ಕೂಡಲೇ ಗುರುತು ಹಿಡಿದಳು.

‘ಬರ್ರಿ ಅಕ್ಕ, ಕೂಡ್ರಿ.’

ಕೂತೆ. ನೀರು ಕೊಟ್ಟಳು. ಕುಡಿಯದೆ ಎಲ್ಲ ಹೇಳಿಬಿಟ್ಟೆ — ನಾನೂ ಮಂಡಿಯೂರಿದ್ದು, ಸೀರೆ ಬದಲಿಸಿದ್ದು, ಗೊತ್ತಿದ್ದೂ ಸುಳ್ಳಾಡಿದ್ದು. ಅಳುತ್ತಾ ಹೇಳಿದೆ. ಅವಳು ಅಳುತ್ತಾಳೆ, ಬೈಯುತ್ತಾಳೆ, ಇಲ್ಲವೇ ಕ್ಷಮಿಸುತ್ತಾಳೆ — ಯಾವುದಕ್ಕಾದರೂ ಸಿದ್ಧಳಾಗಿ ಹೋಗಿದ್ದೆ. ಅವಳು ಮಷಿನ್ ನಿಲ್ಲಿಸಿ ದಾರ ಕತ್ತರಿಸಿದಳು.

‘ನೀವು ಮಂಡಿ ಊರಿದ್ದು ನಾನು ನೋಡಿದ್ದೆ ಅಕ್ಕ,’ ಎಂದಳು. ‘ಸಂಜೆ ಅವರೆಲ್ಲ ತಲೆ ಮೇಲೆ ಕೈ ಇಟ್ಟಾಗ ಕಣ್ಣು ಬಿಟ್ಟು ಬಿಟ್ಟು ನಿಮ್ಮನ್ನೇ ನೋಡ್ತಿದ್ದೆ. ಈಗ ಹೇಳ್ತಾರೆ, ಈಗ ಹೇಳ್ತಾರೆ ಅಂತ.’

ಕ್ಷಮಿಸು ಎಂದೆ. ಎರಡು ಸಲ ಎಂದೆ.

‘ನನಗ್ಯಾಕ ಹೇಳ್ತೀರಿ? ನನಗೆ ಆವತ್ತೇ ಗೊತ್ತಿತ್ತು. ಗೊತ್ತಿಲ್ಲದೋರಿಗೆ ಹೇಳ್ರಿ. ನಮ್ಮವ್ವ ಸಾಯೋ ತನಕ ಮಗಳಿಗೆ ಏನೋ ಸೋಕೈತೆ ಅಂತ ಹೆದರಿಕೊಂಡೇ ಸತ್ಲು.’

ಅಷ್ಟು ಹೇಳಿ ಮತ್ತೆ ಮಷಿನ್ ತುಳಿಯತೊಡಗಿದಳು. ಶಾಂತಮ್ಮ ತೀರಿಕೊಂಡಾಗ ಮಣ್ಣಿಗೆ ಹೋದವಳು ನಾನು. ಅಲ್ಲಿ ಪ್ರಾರ್ಥನೆ ಮಾಡಿದವಳೂ ನಾನೇ. ಒಂದು ಮಾತು, ಒಂದೇ ಮಾತು ಆ ತಾಯಿಯ ಕಿವಿಯಲ್ಲಿ ಹೇಳಿದ್ದರೆ — ಇನ್ನು ಹೇಳಲು ಅವಳಿಲ್ಲ.

ಊರಿಗೆ ಬಂದವಳೇ ಪಾಸ್ಟರ್ ಹತ್ತಿರ ಹೋದೆ. ಪಾಪ, ಅವರು ಆಮೇಲೆ ಬಂದವರು, ಅವರದೇನೂ ತಪ್ಪಿಲ್ಲ. ಪೂರ್ತಿ ಕೇಳಿಸಿಕೊಂಡು, ‘ಸಿಸ್ಟರ್, ದೇವರು ಕ್ಷಮಿಸಿ ಆಯ್ತು. ಹಳೇದನ್ನ ಯಾಕೆ ಕೆದಕ್ತೀರಿ? ಆವತ್ತು ಕೈ ಇಟ್ಟೋರೆಲ್ಲ ಈಗ ಸಭೆಯ ಹಿರಿಯರು. ಸುಮ್ನೆ ಮನಸ್ತಾಪ’ ಎಂದರು. ದೇವರು ಕ್ಷಮಿಸಿದ್ದನ್ನು ಇವರಿಗೆ ಯಾರು ಹೇಳಿದರೋ! ನನಗಂತೂ ಯಾರೂ ಹೇಳಿಲ್ಲ.

ಹೋದ ಭಾನುವಾರ, ದೇವರು ಮಾಡಿದ ಉಪಕಾರಕ್ಕೆ ಸಾಕ್ಷಿ ಹೇಳುವ ಸಮಯದಲ್ಲಿ ಎದ್ದು ನಿಂತೆ. ನೀವೆಲ್ಲ ನೋಡಿದಿರಿ. ಕೆಲಸ ಸಿಕ್ಕಿತೆಂದು ಒಬ್ಬರು, ಜ್ವರ ಬಿಟ್ಟಿತೆಂದು ಒಬ್ಬರು ಸಾಕ್ಷಿ ಹೇಳಿದ್ದರು. ‘ನಾನು ಒಂದು ಪಾಪ ಮಾಡಿದ್ದೇನೆ’ ಎಂದೆ. ‘ಕೊಂಡಜ್ಜಿಯಲ್ಲಿ —’ ಎನ್ನುವಷ್ಟರಲ್ಲಿ ಪಾಸ್ಟರ್ ಕಣ್ಸನ್ನೆ ಮಾಡಿದರು, ಕೀಬೋರ್ಡ್ ಶುರುವಾಯಿತು, ಹಿರಿಯರೊಬ್ಬರು ಹಾಡೆತ್ತಿದರು. ನೀವೆಲ್ಲ ಚಪ್ಪಾಳೆ ತಟ್ಟಿದಿರಿ. ನಾನು ನಿಂತೇ ಇದ್ದೆ. ಹಾಡು ಮುಗಿಯಿತೆಂದರೆ ಇನ್ನೊಂದು ಹಾಡು. ಹೊರಗೆ ಬರುವಾಗ ಒಬ್ಬಳು ನನ್ನ ಬೆನ್ನು ಸವರಿ, ‘ಪ್ರೇಮಕ್ಕಂಗೆ ಬಿ.ಪಿ. ಜಾಸ್ತಿ ಆಗೈತೆ ಅನ್ಸುತ್ತೆ’ ಎಂದಳು. ಪಕ್ಕದವಳು ‘ಇತ್ತೀಚೆಗೆ ಸ್ವಲ್ಪ ಹಂಗೇ’ ಎಂದಳು. ಆ ಮಾತು ಎಷ್ಟು ಚುಚ್ಚುತ್ತದೆಂದು ಆಗ ತಿಳಿಯಿತು.

ಅದಕ್ಕೇ ಇದನ್ನು ಬರೆದು ನಿಮ್ಮ ಒಬ್ಬೊಬ್ಬರ ಕೈಗೂ ಕೊಡುತ್ತಿದ್ದೇನೆ. ಓದದೆ ಎಸೆಯುವವರಿಗೆ ಬರುವ ಭಾನುವಾರ ಬಾಯಲ್ಲೇ ಹೇಳುತ್ತೇನೆ. ಹಾಡೆತ್ತಿದರೆ ಹಾಡು ಮುಗಿಯುವವರೆಗೆ ನಿಂತಿರುತ್ತೇನೆ. ಮೈಕ್ ತೆಗೆದರೆ ಹಾಗೇ ಹೇಳುತ್ತೇನೆ. ಸ್ತ್ರೀಯರ ಕೂಟಕ್ಕೆ ಬೇರೆಯವರನ್ನು ನೋಡಿಕೊಳ್ಳಿ. ಇದರಿಂದ ರೂತ್ ತಿರುಗಿ ಬರುತ್ತಾಳೆಂದು ನಾನು ನಂಬಿಲ್ಲ. ಬಾ ಎಂದು ಕರೆಯುವ ಯೋಗ್ಯತೆಯೂ ನನಗಿಲ್ಲ. ಹೇಳಬೇಕಾದದ್ದು ಬಹಳವೇನೂ ಇಲ್ಲ. ಶಾಂತಮ್ಮನ ಮಗಳಿಗೆ ಏನೂ ಸೋಕಿರಲಿಲ್ಲ. ಆವತ್ತು ಅವಳು ಹೆದರಿದ್ದು ದೇವರಿಗೆ. ನಾನು ಹೆದರಿದ್ದು ನಿಮಗೆ.